ಮನಸ್ಸನ್ನು ಮನಸ್ಸೇ ಅಳೆಯುವಾಗ

ಈ ಪತ್ರಿಕೆಯ ಓದುಗರಾದ ಗೃಹಿಣಿಯೊಬ್ಬರು ನನಗೆ ಒಂದು ಕಾಗದ ಬರೆದಿರುವರು. ಹೆಸರನ್ನಾಗಲಿ ಊರನ್ನಾಗಲಿ ಹೇಳಬಾರದೆಂಬುದು ಅವರ ಅಪೇಕ್ಷೆ, ಹೇಳುವುದಿಲ್ಲ. ಅವರ ಮೈದುನನಿಗೆ ಕೆಲವು ವರ್ಷಗಳಿಂದ ಒಂದು ಮನೋವ್ಯಾಧಿ ಉಂಟು. ಅದು ಒಮ್ಮೊಮ್ಮೆ ಆತನನ್ನು ಆಕಾಶಕ್ಕೆತ್ತುವುದು, ಒಮ್ಮೊಮ್ಮೆ ಪಾತಾಳಕ್ಕಿಳಿಸುವುದು. ನಡುವೆ ಬಹುಕಾಲ ಎಲ್ಲರಂತೆ ಇರಗೊಡುವುದು. ಸ್ವಸ್ಥನಾಗಿರುವಾಗ ಆತನು ಹೇಳುವನಂತೆ: “ಅತ್ತಿಗೆ, ನಾನು ಮತ್ತೆ ಹಾಗೆ ಮಾತಾಡತೊಡಗಿದರೆ ನನ್ನ ಮಾತನ್ನು ನಂಬಬೇಡಿ. ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿಬಿಡಿ.” ವ್ಯಾಧಿ ಏರಿದಾಗ ಹೇಳುವುದು ಹೀಗೆ: “ಅತ್ತಿಗೆ, ಇಷ್ಟು ದಿನ ನನಗೆ ಮಂಕು ಕವಿದಿತ್ತು. ನನ್ನ ಬುದ್ಧಿ ತಿಳಿಯಾದುದು ಈಗಲೇ.” ಎರಡು ಮಾತನ್ನೂ ಆಡಿದವನು ಒಬ್ಬನೇ, ಎರಡರಲ್ಲಿಯೂ ದನಿಯ ನಿಶ್ಚಯ ಒಂದೇ. “ಯಾವುದನ್ನು ನಂಬಬೇಕು, ಮೇಷ್ಟರೇ?” ಎಂದು ಆಕೆ ಕೇಳಿರುವರು.

ಚಿಕಿತ್ಸೆಯ ವಿಷಯ ವೈದ್ಯರದು. ಅದರಲ್ಲಿ ನಾನು ಕೈಯಿಡತಕ್ಕವನಲ್ಲ. ಆದರೆ ಈ ತಾಯಿ ಕೇಳಿರುವುದು ಔಷಧದ ಪ್ರಶ್ನೆಯಲ್ಲ, ಅರಿವಿನ ಪ್ರಶ್ನೆ. ಮೈದುನನು ತನ್ನ ಯೋಚನೆಯ ವಿಷಯವಾಗಿ ತಾನೇ ಯೋಚಿಸಿ ಎರಡು ತೀರ್ಪುಗಳನ್ನು ಕೊಟ್ಟಿರುವನು. ಅಂಥ ತೀರ್ಪಿಗೆ ಬೆಲೆಯೆಷ್ಟು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬಹುದು.

ಈ ವ್ಯಾಧಿಯನ್ನು ವೈದ್ಯರು ಬೈಪೋಲಾರ್ ಡಿಸಾರ್ಡರ್ ಎನ್ನುವರು. ದ್ವಿಧ್ರುವ ಮನೋವ್ಯಾಧಿ ಎಂದು ನಾವು ಕರೆಯೋಣ. ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್ 1899ರಲ್ಲಿ ಇದನ್ನು ಇತರ ಬುದ್ಧಿವಿಕಾರಗಳಿಂದ ಬೇರ್ಪಡಿಸಿ ಹೇಳಿದನು. ಸಮುದ್ರದಂತೆ ಇದಕ್ಕೆ ಉಬ್ಬರವೂ ಇಳಿತವೂ ಉಂಟು. ಉಬ್ಬರದಲ್ಲಿ ಮೂರು ಗಂಟೆ ನಿದ್ರಿಸಿದರೂ ಆಯಾಸವಿರದು. ಯೋಚನೆಗಳು ಒಂದನ್ನೊಂದು ತಳ್ಳಿಕೊಂಡು ಬರುವುವು. ಕೈಯಲ್ಲಿ ಹಣ ನಿಲ್ಲದು. ಅಡ್ಡ ಮಾತಾಡಿದವರ ಮೇಲೆ ಸಿಟ್ಟು ಉರಿಯುವುದು. ಇಳಿತದಲ್ಲಿ ಎದ್ದು ಮುಖ ತೊಳೆಯುವುದೇ ಬೆಟ್ಟ ಹತ್ತಿದಂತೆ. ಇದು ಎಲ್ಲಿಯೋ ದೂರದ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಸಾವಿರ ಮಂದಿ ವಯಸ್ಕರಲ್ಲಿ ಸುಮಾರು 5 ಮಂದಿ ಜೀವಮಾನದಲ್ಲಿ ಎಂದಾದರೊಮ್ಮೆ ಇದಕ್ಕೆ ಸಿಕ್ಕಿದವರು. ಒಂದು ದೊಡ್ಡ ಹಳ್ಳಿಯೆಂದರೆ ಹತ್ತು ಹದಿನೈದು ಮಂದಿ ಆದರು.

ನಮ್ಮ ನೈಯಾಯಿಕರು ಅರಿವಿನಲ್ಲಿ ಎರಡು ಮೆಟ್ಟಿಲುಗಳನ್ನು ಕಂಡಿದ್ದರು. ‘ಇದು ಗಡಿಗೆ’ ಎಂಬುದು ಮೊದಲನೆಯದು, ಅದು ವ್ಯವಸಾಯ. (ಬೇಸಾಯದ ವ್ಯವಸಾಯವಲ್ಲ, ಇಲ್ಲಿ ಅದಕ್ಕೆ ನಿಶ್ಚಯವೆಂದರ್ಥ.) ‘ಇದು ಗಡಿಗೆಯೆಂದು ನಾನು ಅರಿತೆನು’ ಎಂಬುದು ಅದರ ಬೆನ್ನಿಗೇ ಬರುವ ಎರಡನೆಯ ಅರಿವು, ಅದು ಅನುವ್ಯವಸಾಯ. ಹೀಗೆ ಅರಿತುದು ಸರಿಯೋ ತಪ್ಪೋ ಎಂಬುದನ್ನು ತಿಳಿಯುವ ಬಗೆ ಹೇಗೆ? ಇಲ್ಲಿ ಮೀಮಾಂಸಕರಿಗೂ ನೈಯಾಯಿಕರಿಗೂ ಶತಮಾನಗಳ ವಾದ. ಬಾಧಕವೊಂದು ತೋರುವವರೆಗೆ ಅರಿವಿಗೆ ಅರಿವೇ ಪ್ರಮಾಣ, ಹೊರಗಿನ ಸಾಕ್ಷಿ ಬೇಕಿಲ್ಲವೆಂಬುದು ಮೀಮಾಂಸಕರ ಪಕ್ಷ. ನೈಯಾಯಿಕರು ಇದನ್ನು ಒಪ್ಪರು. ದೂರದಲ್ಲಿ ನೀರು ಕಂಡಿತು. ಹೋಗಿ ಕುಡಿದು ಬಾಯಾರಿಕೆ ಹಿಂಗಿದರೆ ಕಂಡುದು ನೀರು, ಹಿಂಗದಿದ್ದರೆ ಬಿಸಿಲ್ಗುದುರೆ. ಪ್ರಾಮಾಣ್ಯವು ಗೊತ್ತಾಗುವುದು ಹೊರಗಿನಿಂದಲೇ ಎನ್ನುವರು. ನಾವೆಲ್ಲರೂ ದಿನನಿತ್ಯದಲ್ಲಿ ಮೀಮಾಂಸಕರೇ. ಬೆಳಗಾಗೆದ್ದು ನಮ್ಮ ಬುದ್ಧಿ ನೆಟ್ಟಗಿದೆಯೇ ಎಂದು ಯಾರೂ ಪರೀಕ್ಷಿಸಿಕೊಳ್ಳುವುದಿಲ್ಲ. ದ್ವಿಧ್ರುವ ವ್ಯಾಧಿಯುಳ್ಳವರಿಗೆ ಮಾತ್ರ ಆ ನೆಮ್ಮದಿ ಇಲ್ಲ. ಅವರು ಬೇಕೆಂದೋ ಬೇಡವೆಂದೋ ನೈಯಾಯಿಕರಾಗಲೇಬೇಕು.

ಏಕೆಂದರೆ ಇಲ್ಲಿ ಕೆಡುವುದು ಮೊದಲನೆಯ ಮೆಟ್ಟಿಲು ಮಾತ್ರವಲ್ಲ. ಶಾಲೆಯಲ್ಲಿ ಹುಡುಗರಿಗೆ ಲೆಕ್ಕದ ತಾಳೆ ನೋಡಿರೆಂದು ಹೇಳುತ್ತಿದ್ದೆವು. ಏಳೆಂಟಲ ಐವತ್ತನಾಲ್ಕು ಎಂದು ಮಗ್ಗಿಯನ್ನೇ ತಪ್ಪಾಗಿ ಕಲಿತ ಹುಡುಗನು ಹತ್ತು ಸಲ ತಾಳೆ ನೋಡಿದರೂ ಹತ್ತು ಸಲವೂ ಐವತ್ತನಾಲ್ಕೇ ಬರುವುದು. ಪ್ರತಿಯೊಂದು ಸಲವೂ ಅವನ ಧೈರ್ಯ ಹೆಚ್ಚುವುದು. ಉಬ್ಬರದಲ್ಲಿರುವ ಮನುಷ್ಯನು ಯೋಚಿಸುವುದಿಲ್ಲವೆಂದಲ್ಲ. ಆತನು ತನ್ನನ್ನು ಪರೀಕ್ಷಿಸಿಕೊಳ್ಳುವುದೂ ಉಂಟು. ಪರೀಕ್ಷಕನೂ ಅದೇ ಅಲೆಯ ಮೇಲೆ ಕುಳಿತಿರುವುದೇ ತೊಂದರೆ.

ಆದರೂ ಮನಸ್ಸು ತನ್ನನ್ನು ತಾನು ಹಿಡಿದ ಉದಾಹರಣೆಯೊಂದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಮೆರಿಕ ದೇಶದ ಕನೆಟಿಕಟ್ ಸಂಸ್ಥಾನದಲ್ಲಿ ಕ್ಲಿಫರ್ಡ್ ಬಿಯರ್ಸ್ ಎಂಬಾತನು 1876ರಲ್ಲಿ ಹುಟ್ಟಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ನೌಕರಿಯಲ್ಲಿದ್ದನು. ಒಡಹುಟ್ಟಿದವನೊಬ್ಬನಿಗೆ ಅಪಸ್ಮಾರ ಬಂದುದನ್ನು ಕಂಡು, ತನಗೂ ಅದು ಬಂದೇ ತೀರುವುದೆಂಬ ಭಯ ಆತನ ಮನಸ್ಸಿನಲ್ಲಿ ವರ್ಷಗಟ್ಟಲೆ ಬೇರು ಬಿಟ್ಟಿತು. 1900ರ ಜೂನ್ 23ರಂದು ಪ್ರಾಣ ಕಳೆದುಕೊಳ್ಳಲು ಯತ್ನಿಸಿ, ಗಾಯಗೊಂಡು ಬದುಕಿದನು. ಬಳಿಕ ಘೋರವಾದ ಇಳಿತ. ತಾನು ಮಾಡಿದ ಅಪರಾಧಕ್ಕಾಗಿ ಪೊಲೀಸರು ಸುತ್ತುವರಿದಿರುವರೆಂದೂ, ತನ್ನನ್ನು ನೋಡಲು ಬರುವ ಬಂಧುಗಳೆಲ್ಲ ವೇಷಧಾರಿಗಳಾದ ಪತ್ತೇದಾರರೆಂದೂ ನಂಬಿ, ಹೆಚ್ಚುಕಡಮೆ ಮೌನಿಯಾಗಿ ಎರಡು ವರ್ಷಕ್ಕೂ ಮೇಲೆ ಕಳೆದನು. ಒಡಹುಟ್ಟಿದ ಸಹೋದರ ಜಾರ್ಜನು ಬಂದು ಕೈಹಿಡಿದು ಮಾತಾಡಿಸಿದರೂ ‘ಇವನು ಜಾರ್ಜನಲ್ಲ, ಜಾರ್ಜನಂತೆ ಇರುವವನು’ ಎಂದೇ ಆತನ ನಿಶ್ಚಯ.

ಆ ನಿಶ್ಚಯದೊಳಗೆ ಒಂದು ಸಣ್ಣ ಬಿರುಕು ಕಂಡಿತು. ಹಾರ್ಟ್‌ಫರ್ಡ್ ಊರಿನ ಆಸ್ಪತ್ರೆಯಲ್ಲಿ ಆತನ ಜೊತೆಗಿದ್ದ ರೋಗಿಯೊಬ್ಬನ ಮೇಲೆ ಆತನಿಗೆ ವಿಶ್ವಾಸ ಹುಟ್ಟಿತ್ತು. ನಿನ್ನ ಬಂಧುಗಳು ಬಂಧುಗಳೇ ಎಂದು ಆ ಗೆಳೆಯನು ಹೇಳುತ್ತ ಬಂದನು. ಬಿಯರ್ಸನು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಒಂದು ಪರೀಕ್ಷೆಯನ್ನು ಹೂಡಿದನು. ಜಾರ್ಜನ ನಿಜವಾದ ವಿಳಾಸಕ್ಕೆ ಒಂದು ಕಾಗದ ಬರೆದನು. ಬುಧವಾರ ನನ್ನನ್ನು ನೋಡಲು ಬಂದು ಜಾರ್ಜನೆಂದು ಹೇಳಿಕೊಂಡವನು ನೀನೇ ಆಗಿದ್ದರೆ, ಮುಂದಿನ ಸಲ ಬರುವಾಗ ಈ ಕಾಗದವನ್ನೇ ರಹದಾರಿಯಾಗಿ ತೆಗೆದುಕೊಂಡು ಬಾ. ಅಲ್ಲವಾದರೆ ಯಾರಿಗೂ ಹೇಳಬೇಡ, ಆ ಸೋಗುಗಾರನನ್ನು ನಾನೇ ನೋಡಿಕೊಳ್ಳುವೆನು ಎಂಬುದು ಅದರ ತಾತ್ಪರ್ಯ. ಆಸ್ಪತ್ರೆಯವರು ತಡೆದಾರೆಂದು ಲಕೋಟೆಯ ಮೇಲಿನ ವಿಳಾಸವನ್ನು ಬೇರೆಯವರ ಕೈಯಿಂದ ಬರೆಯಿಸಿದನು. ನೋಡಿ, ಎಂಥ ತರ್ಕ! ಸೋಗುಗಾರನಿಗೆ ಆ ಕಾಗದ ಸಿಕ್ಕದು, ಸಿಕ್ಕಿದವನು ಸೋಗುಗಾರನಲ್ಲ. ಭ್ರಮೆಯ ನಡುವೆಯೇ ನಿಂತು, ಭ್ರಮೆಯನ್ನು ಕ್ಷಣಮಾತ್ರವೂ ಬಿಡದೆ, ಆ ಭ್ರಮೆಯು ಸುಳ್ಳಾಗಿದ್ದರೆ ಸುಳ್ಳೆಂದು ಹೊರಬೀಳುವ ದಾರಿಯೊಂದನ್ನು ಆತನು ತೆರೆದಿಟ್ಟನು. ಗೌತಮನ ಸೂತ್ರಗಳನ್ನು ಓದಿದ ಎಷ್ಟು ಮಂದಿಗೆ ಇದು ಸಾಧ್ಯ?

1902ರ ಆಗಸ್ಟ್ 30ರಂದು ಜಾರ್ಜನು ಬಂದು ಜೇಬಿನಿಂದ ಆ ಕಾಗದವನ್ನು ತೆಗೆದು ಕೊಟ್ಟನು. ಎರಡು ವರ್ಷಗಳ ಸುಳ್ಳಿನ ಕೋಟೆ ಆ ನಿಮಿಷದಲ್ಲಿ ಬಿದ್ದಿತು. ಆ ಇಳಿತದ ದಿನಗಳನ್ನು ಬಿಯರ್ಸನೇ ಆಮೇಲೆ ಎಣಿಸಿ 798 ಎಂದು ಬರೆದಿಟ್ಟಿರುವನು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸು. ಆದರೆ ವ್ಯಾಧಿಯ ಸ್ವಭಾವ ತಿಳಿಯುವುದು ಮುಂದಿನ ಭಾಗದಿಂದ. ಭ್ರಮೆ ಹರಿದ ಆ ಸಂತೋಷವೇ ಉಬ್ಬರಕ್ಕೆ ತಿರುಗಿತು. ಎರಡು ವರ್ಷ ಮೌನಿಯಾಗಿದ್ದವನು ನಿಲ್ಲಿಸದೆ ಮಾತಾಡತೊಡಗಿದನು, ಬರೆಯತೊಡಗಿದನು. ಕಾಗದ ಸಾಲದೆ ಕಟ್ಟು ಕಟ್ಟುವ ದಪ್ಪ ಕಾಗದದ ಸುರುಳಿಗಳನ್ನು ತರಿಸಿ, 20–30 ಅಡಿ ಉದ್ದದ ಪತ್ರಗಳನ್ನು ಬರೆದನು. ಒಂದೆರಡು ದಿನಗಳ ಬರೆಹವನ್ನು ಹಾಸಿದರೆ ಆಸ್ಪತ್ರೆಯ ಓಣಿಯ ಈ ತುದಿಯಿಂದ ಆ ತುದಿಗೆ ಸುಮಾರು 100 ಅಡಿ ಆಯಿತು. ಆಗ ಆತನಿಗೆ ತಾನು ಅಸ್ವಸ್ಥನೆಂದು ತೋರಿತೇ? ಇಲ್ಲ. ಸೆರೆಯಿಂದ ಬಿಡುಗಡೆಯಾದವನ ಸಹಜವಾದ ಹರ್ಷವೆಂದೇ ಎಣಿಸಿದನು. ತನ್ನ ಭ್ರಮೆಯನ್ನು ಅಷ್ಟು ಚತುರತೆಯಿಂದ ಪರೀಕ್ಷಿಸಿದವನಿಗೆ ತನ್ನ ಹರ್ಷವನ್ನು ಪರೀಕ್ಷಿಸಬೇಕೆಂದು ಹೊಳೆಯಲೇ ಇಲ್ಲ. ದುಃಖವನ್ನು ಮನುಷ್ಯನು ಸಂಶಯಿಸಿಯಾನು. ಸುಖವನ್ನು ಸಂಶಯಿಸುವವರು ಯಾರು? ಈ ವ್ಯಾಧಿಯಲ್ಲಿ ‘ನಾನು ಅಸ್ವಸ್ಥನು’ ಎಂಬ ಅರಿವು ಇಳಿತಕ್ಕಿಂತ ಉಬ್ಬರದಲ್ಲಿಯೇ ಹೆಚ್ಚಾಗಿ ಕುಂದುವುದೆಂದು ಇಂದಿನ ಸಂಶೋಧಕರೂ ಕಂಡಿರುವರು.

ಬಿಯರ್ಸನು 1903ರಲ್ಲಿ ಬಿಡುಗಡೆಯಾಗಿ ನೌಕರಿಗೆ ಮರಳಿದನು. 1905ರ ಆರಂಭದಲ್ಲಿ ಬರೆಹದ ಜ್ವರ ಮತ್ತೆ ಏರಿತು. ಆಗ ಅದನ್ನು ಮೊದಲು ಗುರುತಿಸಿದವನು ಸಹೋದರನೇ. ಬಿಯರ್ಸನಿಗೆ ತಾನು ಕಾಯಿಲೆಯವನೆಂದು ಒಳಗೆ ತೋರಿರಲಿಲ್ಲ. ಆದರೂ ಸಹೋದರನ ಮಾತಿಗೆ ಒಪ್ಪಿ, ಹಿಂದೆ ಇದ್ದ ಆಸ್ಪತ್ರೆಗೆ ತಾನಾಗಿಯೇ ಹೋಗಿ ಸೇರಿ, ಕೆಲವು ವಾರಗಳಲ್ಲಿ ಹೊರಗೆ ಬಂದನು. ಯಾರನ್ನು ‘ಇವನು ಜಾರ್ಜನಲ್ಲ’ ಎಂದಿದ್ದನೋ ಆತನ ಕಣ್ಣನ್ನೇ ತನ್ನ ಕಣ್ಣಿಗಿಂತ ಹೆಚ್ಚಾಗಿ ನಂಬಿದನು. ಆ ಕಾಗದದ ಉಪಾಯಕ್ಕಿಂತಲೂ ನನಗೆ ಇದು ದೊಡ್ಡದಾಗಿ ಕಾಣುವುದು. ಆತನು 1908ರಲ್ಲಿ ‘ಎ ಮೈಂಡ್ ದಟ್ ಫೌಂಡ್ ಇಟ್‌ಸೆಲ್ಫ್’ ಎಂಬ ಪುಸ್ತಕದಲ್ಲಿ ಇದನ್ನೆಲ್ಲ ಬರೆದು, ಮರುವರ್ಷ ಮಾನಸಿಕ ಆರೋಗ್ಯಕ್ಕಾಗಿ ರಾಷ್ಟ್ರೀಯ ಸಮಿತಿಯೊಂದನ್ನು ಸ್ಥಾಪಿಸಿದನು. ವ್ಯಾಧಿ ಬಿಟ್ಟುಹೋಯಿತೆಂದಲ್ಲ. ಮುಪ್ಪಿನಲ್ಲಿ ಅದು ಮರಳಿ ಬಂದು, 1943ರಲ್ಲಿ ಮನೋರೋಗದ ಆಸ್ಪತ್ರೆಯೊಂದರಲ್ಲಿಯೇ ಆತನು ತೀರಿಕೊಂಡನು.

ಇಳಿತದ ಯೋಚನೆಯ ವಿಷಯವಾಗಿಯೂ ಒಂದು ಮಾತು. ಅಲ್ಲಿ ರೋಗಿಗೆ ತಾನು ಕುಸಿದಿರುವುದು ಗೊತ್ತು. ಆದರೆ ಅದನ್ನು ವ್ಯಾಧಿಯೆನ್ನದೆ ಸತ್ಯವೆನ್ನುವನು. ‘ನಾನು ಯಾವಾಗಲೂ ಅಯೋಗ್ಯನೇ, ನಡುವೆ ಮರೆತಿದ್ದೆ’ ಎಂದು ತಿಳಿಯುವನು. ನಿನ್ನೆ ಮೊನ್ನೆಯ ಸುಖವನ್ನು ನೆನೆಸಿಕೊಳ್ಳೆಂದರೆ ನೆನಪಿಗೆ ಬಾರದು; ಖಿನ್ನವಾದ ಮನಸ್ಸು ತನ್ನ ಬಣ್ಣದ ನೆನಪುಗಳನ್ನೇ ಆರಿಸಿ ತರುವುದು. ಚರಕಸಂಹಿತೆಯು ಉನ್ಮಾದದಲ್ಲಿ ದಾರಿತಪ್ಪುವ ಎಂಟನ್ನು ಎಣಿಸುವಾಗ ಮನಸ್ಸು ಬುದ್ಧಿಗಳ ಜೊತೆಗೆ ಸ್ಮೃತಿಯನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ. ಸಾವಿನ ಮಾತು ಬಂದರಂತೂ ಮನೆಯವರು ತರ್ಕಕ್ಕೆ ನಿಲ್ಲಬಾರದು. ಜೊತೆಯಲ್ಲಿದ್ದು, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. 14416 ಎಂಬ ಟೆಲಿ-ಮಾನಸ್ ದೂರವಾಣಿಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಸಲಹೆ ದೊರೆಯುವುದು.

ಇನ್ನು, ನಡುವಣ ಸ್ವಸ್ಥಕಾಲದಲ್ಲಿ ಈ ಮನುಷ್ಯರ ಪಾಡೇನು? ಎರಡು ಮೂರು ಸಲ ಪೆಟ್ಟು ತಿಂದವನು ತನ್ನ ಮನಸ್ಸಿನ ಬಾಗಿಲಲ್ಲಿ ಕಾವಲು ಕೂರುವನು. ಹಾಡು ಕೇಳಿ ಕಣ್ಣು ತುಂಬಿದರೆ, ಇದು ಇಳಿತವೇ? ಮಗಳ ಪರೀಕ್ಷೆಯ ಫಲ ಕೇಳಿ ಕುಣಿಯಬೇಕೆನಿಸಿದರೆ, ಉಬ್ಬರವೇ? ಬ್ರಿಟನ್ನಿನ ವಾರನ್ ಮ್ಯಾನ್ಸೆಲ್ ಮತ್ತು ಅವರ ಸಂಗಡಿಗರು 2007ರಲ್ಲಿ ಇದನ್ನು ಕುರಿತು ವಿಚಾರಮಾಡಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಮೈಯಲ್ಲಿ ಚುರುಕು ಹೆಚ್ಚಿದುದು ಒಂದೇ ಸಂಗತಿ. ಅದಕ್ಕೆ ರೋಗಿಯು ಕಟ್ಟುವ ಅರ್ಥಗಳು ಎರಡು, ಎರಡೂ ವಿಪರೀತ. ‘ಇದೀಗ ನನ್ನ ಕಾಲ ಬಂದಿತು, ಇನ್ನು ನನ್ನನ್ನು ತಡೆಯುವವರಿಲ್ಲ’ ಎಂಬುದೊಂದು. ‘ಮುಗಿಯಿತು, ಮತ್ತೆ ಕೆಡುವೆನು’ ಎಂಬುದಿನ್ನೊಂದು. ಮೊದಲನೆಯವನು ಚುರುಕಿನ ಬೆನ್ನೇರಿ ಓಡುವನು. ಎರಡನೆಯವನು ಅದನ್ನು ಹಿಸುಕಲು ಹೋಗಿ ಎಲ್ಲ ಕೆಲಸವನ್ನೂ ಬಿಟ್ಟು ಕೋಣೆ ಸೇರುವನು. ಒಬ್ಬನಲ್ಲಿಯೇ ಈ ಎರಡೂ ಇದ್ದು ಒಂದನ್ನೊಂದು ಎಳೆದಾಡುವುದರಿಂದ ತೊಯ್ದಾಟ ಹೆಚ್ಚುವುದು. ‘ಇಂದು ಚುರುಕಾಗಿದ್ದೇನೆ, ಕಾಫಿ ಹೆಚ್ಚು ಕುಡಿದಿರಬಹುದು, ರಾತ್ರಿ ನಿದ್ರೆ ಬರುವುದೋ ನೋಡೋಣ’ ಎನ್ನುವ ನಡುವಣ ಮಾತು ಇವರಿಗೆ ಬಹು ಕಷ್ಟಪಟ್ಟು ಒಲಿಯುವುದು.

ಮನೆಯವರೂ ಈ ಕಷ್ಟಕ್ಕೆ ತಮ್ಮ ಪಾಲನ್ನು ಸೇರಿಸುವುದುಂಟು. ಅಡಿಗೆಗೆ ಉಪ್ಪು ಹೆಚ್ಚಾಯಿತೆಂದು ಆತನು ಸಿಡುಕಿದರೆ “ಮಾತ್ರೆ ತೆಗೆದುಕೊಂಡೆಯಾ?” ಎನ್ನುವರು. ಆಸ್ತಿಯ ಪಾಲಿನಲ್ಲಿ ಅನ್ಯಾಯವಾಯಿತೆಂದು ನ್ಯಾಯವಾಗಿಯೇ ಜಗಳವಾಡಿದರೆ “ನಿದ್ರೆ ಸರಿಯಾಗಿ ಬರುತ್ತಿಲ್ಲವೇ?” ಎನ್ನುವರು. ಇತರರ ಸಿಟ್ಟಿಗೆ ಕಾರಣವಿರುವುದು. ಈತನ ಸಿಟ್ಟಿಗೆ ಲಕ್ಷಣವೆಂಬ ಹೆಸರು. ಉಪ್ಪು ನಿಜವಾಗಿಯೂ ಹೆಚ್ಚಾಗಿರಬಹುದೆಂದು ಯಾರಿಗೂ ಹೊಳೆಯದು. ಹೀಗೆ ಮಾತು ಮಾತಿಗೂ ಆತನ ಅರಿವನ್ನು ಅಲ್ಲಗಳೆದವರು, ನಿಜವಾದ ಉಬ್ಬರ ಬಂದ ದಿನ ‘ನಮ್ಮನ್ನು ನಂಬು’ ಎಂದರೆ ಆತನು ಹೇಗೆ ನಂಬಬೇಕು?

ಔಷಧದ ವಿಷಯದಲ್ಲಿಯೂ ಇದೇ ತೊಡಕು. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು 1949ರಲ್ಲಿ ಲಿಥಿಯಂ ಎಂಬ ಲವಣವು ಉಬ್ಬರವನ್ನು ಇಳಿಸುವುದೆಂದು ಪ್ರಕಟಿಸಿದನು. ಇಂದಿಗೂ ಅದು ಮುಖ್ಯವಾದ ಔಷಧಗಳಲ್ಲಿ ಒಂದು. ಆದರೆ ನೆಟ್ಟಗಾದೊಡನೆ ‘ಇನ್ನೇಕೆ?’ ಎಂದು ಬಿಡುವವರು ಹಲವರು. ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಅವರು ಈ ವ್ಯಾಧಿಯನ್ನೇ ವ್ಯಾಸಂಗಮಾಡಿದ ಪ್ರಾಧ್ಯಾಪಕಿ. ವ್ಯಾಧಿ ಅವರಿಗೂ ಉಂಟು. 1995ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿರುವರು. ಇತರರಿಗೆ ಬುದ್ಧಿ ಹೇಳಬಲ್ಲ ಆಕೆಯೇ ಪದೇ ಪದೇ ಲಿಥಿಯಂ ಬಿಟ್ಟು, ಪದೇ ಪದೇ ಕೆಟ್ಟು, ಸಾವಿನ ಅಂಚಿನವರೆಗೂ ಹೋಗಿ ಬಂದರು. ಶಾಸ್ತ್ರಜ್ಞಾನ ಸಾಲದೆಯೇ? ಜ್ಞಾನವಿದ್ದಿತು, ಉಬ್ಬರದ ದಿನಗಳ ಸೊಗಸಿನ ನೆನಪೂ ಇದ್ದಿತು. ಕಡೆಗೆ ಆಕೆ ಮಾಡಿದ ಏರ್ಪಾಡು ಇದು: ಮುಂದೆ ನಾನು ತೀವ್ರವಾದ ಖಿನ್ನತೆಗೆ ಬಿದ್ದರೆ, ಆಗ ನಾನು ಬೇಡವೆಂದರೂ ಸರಿ, ಆಸ್ಪತ್ರೆಗೆ ಸೇರಿಸಲೂ ಚಿಕಿತ್ಸೆ ಕೊಡಿಸಲೂ ನನ್ನ ವೈದ್ಯರಿಗೂ ಮನೆಯವರಿಗೂ ಅಧಿಕಾರವಿದೆ ಎಂದು, ಸ್ವಸ್ಥಳಾಗಿರುವಾಗಲೇ ಮಾತುಮಾಡಿಟ್ಟರು.

ಕಾಗದ ಬರೆದ ತಾಯಿಗೆ ನನ್ನ ಉತ್ತರವೂ ಇದನ್ನೇ ಅನುಸರಿಸುವುದು. ಮೈದುನನು ಸ್ವಸ್ಥನಾಗಿರುವಾಗ ಆಡಿದ ಮಾತನ್ನು ನಂಬಿ. ಎರಡೂ ಸಮನಾದ ಮಾತುಗಳಲ್ಲ. ‘ಈಗಲೇ ತಿಳಿಯಾದೆನು’ ಎನ್ನುವ ಮಾತಿಗೆ ಆ ಹೊತ್ತಿನ ಅನುಭವವೊಂದೇ ಆಧಾರ. ‘ನಂಬಬೇಡಿ’ ಎನ್ನುವ ಮಾತು ಎರಡು ಸ್ಥಿತಿಗಳನ್ನೂ ಕಂಡು, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದವನ ಮಾತು. ಆದರೆ ಬಾಯಿಮಾತಿನಲ್ಲಿ ಬಿಡಬೇಡಿ. ಆತನ ಕೈಯಿಂದಲೇ ಬರೆಯಿಸಿಡಿ.

ಏನನ್ನು ಬರೆಯಿಸುವುದು? ‘ನನ್ನ ಮನಸ್ಸು ಕೆಟ್ಟಾಗ’ ಎಂದು ಬರೆದರೆ ಪ್ರಯೋಜನವಿಲ್ಲ. ಆ ಹೊತ್ತಿಗೆ ಆತನು ಅದು ಕೆಟ್ಟಿಲ್ಲವೆನ್ನುವನು. ಎಣಿಸಬಹುದಾದುದನ್ನು, ಇಬ್ಬರಿಗೂ ಕಾಣುವುದನ್ನು ಬರೆಯಬೇಕು. ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಮೆ ನಿದ್ರಿಸಿದುದು, ಹೊತ್ತಲ್ಲದ ಹೊತ್ತಿನಲ್ಲಿ ಹಳೆಯ ಸ್ನೇಹಿತರಿಗೆ ಫೋನ್ ಮಾಡತೊಡಗಿದುದು, ವಾರದೊಳಗೆ ಇಷ್ಟು ರೂಪಾಯಿಗೆ ಮೇಲೆ ಖರ್ಚಾದುದು, ಹೀಗೆ. ಒಬ್ಬೊಬ್ಬರ ಲಕ್ಷಣ ಒಂದೊಂದು. ಆತನದು ಯಾವುದೆಂಬುದು ಹಿಂದಿನ ಸಲಗಳನ್ನು ನೆನೆದರೆ ತಿಳಿಯುವುದು. ಇದು ಬರಿಯ ಮನೆವಾರ್ತೆಯ ಉಪಾಯವಲ್ಲ. ಇಂಗ್ಲೆಂಡಿನಲ್ಲಿ 69 ಮಂದಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಇಂಥ ಮುನ್ಸೂಚನೆಗಳನ್ನು ಗುರುತಿಸಿ ಬೇಗನೆ ವೈದ್ಯರನ್ನು ಕಾಣುವುದನ್ನು ಕಲಿಸಿದರು. 1999ರಲ್ಲಿ ಪ್ರಕಟವಾದ ಅದರ ಫಲದಲ್ಲಿ, ಕಲಿತವರಿಗೆ ಮುಂದಿನ ಉಬ್ಬರವು ಬಹಳ ತಡವಾಗಿ ಬಂದಿತು. ಇಳಿತದ ವಿಷಯದಲ್ಲಿ ಮಾತ್ರ ಆ ಪ್ರಯೋಜನ ಕಾಣಲಿಲ್ಲವೆಂಬುದನ್ನೂ ಹೇಳಬೇಕು.

ಆ ಬರೆಹದಲ್ಲಿ ಮನೆಯವರ ಮೇಲಿನ ಕಟ್ಟುಗಳೂ ಇರಲಿ. ಬರೆದ ಲಕ್ಷಣಗಳು ಕಾಣದ ದಿನ ಯಾರೂ ಮಾತ್ರೆಯ ಮಾತೆತ್ತತಕ್ಕದ್ದಲ್ಲ. ಆ ದಿನದ ಸಿಟ್ಟು ಸಿಟ್ಟೇ, ಆ ದಿನದ ನಗು ನಗುವೇ. ಲಕ್ಷಣ ಕಂಡಾಗ ಹೇಳುವವರು ಒಬ್ಬರೇ ಇರಲಿ, ಅವರನ್ನು ಆತನೇ ಆರಿಸಲಿ. ಆತನು ಮಾತಾಡುವುದು ಅತ್ತಿಗೆಯೊಡನೆಂದು ಕಾಗದದಿಂದಲೇ ತಿಳಿಯುವುದು. ಹಾಗಿದ್ದರೆ ಅಣ್ಣನು ಅದಕ್ಕೆ ಮುನಿಯಬಾರದು.

ಇದಕ್ಕೆ ಈಗ ನಮ್ಮ ದೇಶದಲ್ಲಿ ಕಾನೂನಿನ ಆಧಾರವೂ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮೇರೆಗೆ, ವಯಸ್ಸಿಗೆ ಬಂದ ಯಾರೇ ಆಗಲಿ, ತನಗೆ ಮನೋವ್ಯಾಧಿ ಬಂದಾಗ ಯಾವ ಬಗೆಯ ಆರೈಕೆ ಬೇಕು, ಯಾವುದು ಬೇಡವೆಂದು ಮುಂಗಡ ನಿರ್ದೇಶನವನ್ನು ಬರೆದಿಡಬಹುದು; ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನೂ ಹೆಸರಿಸಬಹುದು. ಚಿಕಿತ್ಸೆಯ ವಿಷಯದಲ್ಲಿ ತಾನೇ ತೀರ್ಮಾನಿಸುವ ಶಕ್ತಿ ತಪ್ಪಿದಾಗ ಮಾತ್ರ ಅದು ಜಾರಿಗೆ ಬರುವುದು. ತುರ್ತು ಚಿಕಿತ್ಸೆಗೆ ಅದು ಅಡ್ಡಬಾರದು. ಅದರ ನಮೂನೆಯನ್ನೂ ಸಾಕ್ಷಿಗಳ ಕ್ರಮವನ್ನೂ ಚಿಕಿತ್ಸೆ ನಡೆಯುವ ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿಯತಕ್ಕದ್ದು. ಒಮ್ಮೆ ಬರೆದುದೇ ಶಾಸನವೆಂದು ಹೆದರಬೇಕಾದುದಿಲ್ಲ. ಸ್ವಸ್ಥನಾಗಿರುವಾಗ ಆತನು ಅದನ್ನು ತಿದ್ದಬಹುದು, ಹರಿದುಹಾಕಿ ಹೊಸದನ್ನೂ ಬರೆಯಬಹುದು.